ಕಾಂಪೌಂಡಿನ ಮೇಲೆ ನಾಲ್ಕು ಮೊಳೆ

ನಮ್ಮ ಮನೆಗೂ ಪಕ್ಕದ ರಾಯರ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು ಗೋಡೆ. ದಾಸವಾಳದ ಗಿಡ ನಮ್ಮ ಕಡೆ, ಹೂವು ಅರಳುವುದೆಲ್ಲ ಅವರ ಕಡೆ. ಬೆಳಗ್ಗೆ ಏಳಕ್ಕೆ ರಾಯರು ಹೂಬುಟ್ಟಿ ಹಿಡಿದು ಬರುತ್ತಾರೆ, ನಾನು ಕಾಫಿ ಲೋಟ ಹಿಡಿದು ನಿಂತಿರುತ್ತೇನೆ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕಂಪೋಸಿಟರ್ ಆಗಿದ್ದವರು ಅವರು. ಸ್ಟಿಕ್ಕಿನಲ್ಲಿ ಅಚ್ಚಿನ ಮೊಳೆ ಒತ್ತಿ ಹಿಡಿದು ಹಿಡಿದು ಎಡಗೈ ಹೆಬ್ಬೆರಳಿನ ತುದಿ ಇವತ್ತಿಗೂ ಚಪ್ಪಟೆಯಾಗಿಯೇ ಇದೆ. ಹೂ ಕೊಯ್ದಾದ ಮೇಲೆ ಪೇಪರಿನ ಪದಬಂಧ. ಅದು ಮುಗಿಯುವವರೆಗೆ ಸ್ನಾನಕ್ಕೆ ಏಳುವುದಿಲ್ಲ.

"ಏನಮ್ಮಾ, ರಾತ್ರಿ ಒಂದೂವರೆಗೆ ನೀರು ಕುಡಿಯೋಕೆ ಎದ್ದಾಗ್ಲೂ ನಿನ್ನ ರೂಮಿನ ದೀಪ ಉರೀತಿತ್ತು. ಆಫೀಸಿನ ಕೆಲ್ಸವೇ?"

"ಆಫೀಸಿಂದಲ್ಲ ರಾಯರೇ. ಲೈಬ್ರರಿ ಮಕ್ಕಳಿಗೆ ಪದಬಂಧ ಹೆಣೆಯೋ ಪ್ರೋಗ್ರಾಮ್ ಒಂದು ಬರೀತಿದ್ದೆ. ರಾಕು ಅನ್ನೋ ಭಾಷೇಲಿ. ಮೊದಲು ಅದರ ಹೆಸರು ಪರ್ಲ್ ಆರು ಅಂತಿತ್ತು."

ಪದಬಂಧ ಅಂದದ್ದೇ ಸಾಕು, ಬುಟ್ಟಿ ಗೋಡೆಯ ಮೇಲೆ ಕೂತಿತು. "ಯಾರು ಮಾಡಿದ್ದು ಈ ಭಾಷೇನ? ಯಾವ ಕಂಪನೀದು?"

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ನನಗೆ ಯಾವತ್ತೂ ಆಗಿಲ್ಲ. ಕಂಪನಿಯದಲ್ಲ ಎಂದರೆ ಸರ್ಕಾರದ್ದೇ ಎನ್ನುತ್ತಾರೆ. ಸರ್ಕಾರದ್ದೂ ಅಲ್ಲ, ಊರೂರಿನ ಜನ ಬಹುಪಾಲು ಸಂಬಳವಿಲ್ಲದೆ, ರಾತ್ರಿ ಹೊತ್ತು, ರಜೆಯ ದಿನ ಕೂತು ಹದಿನೈದು ವರ್ಷ ಮಾಡಿದರು ಎಂದರೆ ನಂಬುವುದಿಲ್ಲ. ಹಾಗಾಗಿ ಲೋಟ ಕೆಳಗಿಟ್ಟು ಮೊದಲಿನಿಂದಲೇ ಶುರು ಮಾಡಿದೆ.

ಲ್ಯಾರಿ ವಾಲ್ ಎಂಬ ಅಮೆರಿಕದವರು 1987ರ ಡಿಸೆಂಬರಿನಲ್ಲಿ ಪರ್ಲ್ ಎಂಬ ಭಾಷೆಯನ್ನು ಹೊರಗೆ ತಂದರು. ಓದಿದ್ದು ಭಾಷಾಶಾಸ್ತ್ರ. ಗಂಡ ಹೆಂಡತಿ ಇಬ್ಬರೂ ಆಫ್ರಿಕಕ್ಕೆ ಹೋಗಿ, ಬರಹವೇ ಇಲ್ಲದ ಒಂದು ನುಡಿಗೆ ಲಿಪಿ ಕಟ್ಟಿಕೊಡಬೇಕು ಎಂದುಕೊಂಡಿದ್ದವರು. ಆರೋಗ್ಯದ ಕಾರಣಕ್ಕೆ ಅದು ಕೈಗೂಡಲಿಲ್ಲ. ಕಂಪ್ಯೂಟರ್ ಕೆಲಸಕ್ಕೆ ಬಂದರು. ಬಂದರೂ ಒಳಗಿನ ಭಾಷಾಶಾಸ್ತ್ರಿ ಸುಮ್ಮನಿರಲಿಲ್ಲ. ಮನುಷ್ಯರ ಮಾತಿನಲ್ಲಿ ಒಂದೇ ವಿಷಯವನ್ನು ಹತ್ತು ಬಗೆಯಲ್ಲಿ ಹೇಳಬಹುದಲ್ಲ, ಯಂತ್ರದ ಭಾಷೆಯಲ್ಲೂ ಹಾಗೇ ಇರಲಿ ಎಂದು ಪರ್ಲ್ ಕಟ್ಟಿದರು. ಸಾವಿರಾರು ಪುಟದ ಕಡತದಿಂದ ಬೇಕಾದ ಸಾಲು ಹೆಕ್ಕುವುದು, ಸೋಸುವುದು, ತಿದ್ದುವುದು, ಇದಕ್ಕೆಲ್ಲ ಅಂಥ ಭಾಷೆ ಆಗ ಇನ್ನೊಂದಿರಲಿಲ್ಲ. ನಾನು ಕೆಲಸ ಕಲಿತದ್ದೇ ಅದರಲ್ಲಿ.

"ಲಿಪಿ ಮಾಡೋಕೆ ಹೊರಟೋರು, ಭಾಷೇನೇ ಮಾಡಿಬಿಟ್ರು ಅನ್ನು," ಎಂದರು ರಾಯರು.

"ಹ್ಞೂಂ. ಐದನೇ ಆವೃತ್ತಿ 1994ರಲ್ಲಿ ಬಂತು. ಲೋಕವೆಲ್ಲ ಅದರ ಮೇಲೆ ನಡೀತಿತ್ತು. ಆಮೇಲೆ 2000ದಲ್ಲಿ ಒಂದು ಗಲಾಟೆ ಆಯ್ತು."

ಆ ಗಲಾಟೆಯನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. 2000ದ ಜುಲೈ, ಕ್ಯಾಲಿಫೋರ್ನಿಯದ ಮಾಂಟೆರೇ ಎಂಬ ಕಡಲತೀರದ ಊರು. ಪರ್ಲಿನವರ ವಾರ್ಷಿಕ ಸಮ್ಮೇಳನ. ಒಳಗಿನ ಒಂದು ಸಭೆಯಲ್ಲಿ ಯಾರು ಏನು ನೋಡಿಕೊಳ್ಳಬೇಕು, ಯಾವ ಸಮಿತಿ, ಯಾವ ನಿಯಮ ಎಂದು ಚರ್ಚೆ ನಡೆದಿದೆ. ಜಾನ್ ಓರ್ವಂಟ್ ಎಂಬವರು ಎದ್ದು ನಿಂತು, ಮೇಜಿನ ಮೇಲಿದ್ದ ಕಾಫಿ ಮಗ್ಗುಗಳನ್ನು ತೆಗೆದು ಎದುರು ಗೋಡೆಗೆ ಎಸೆಯತೊಡಗಿದರು. ಜನಕ್ಕೆ ಮೈ ಜುಮ್ಮೆನ್ನಿಸುವಂಥದ್ದೇನಾದರೂ ಮಾಡದೆ ಹೋದರೆ ನಾವು ಮುಳುಗಿದೆವು ಎಂಬುದು ಅವರ ಮಾತಿನ ತಿರುಳು. ಮಾರನೆಯ ದಿನವೇ ಲ್ಯಾರಿ ವಾಲ್ ವೇದಿಕೆ ಹತ್ತಿ, ಪರ್ಲ್ ಆರನ್ನು ಮೊದಲಿನಿಂದ ಹೊಸದಾಗಿ ಕಟ್ಟುತ್ತೇವೆ ಎಂದು ಸಾರಿದರು. ಐದನೆಯದು ನಾನು ಬರೆದದ್ದು, ಆರನೆಯದನ್ನು ಈ ಸಮುದಾಯವೇ ಬರೆಯಲಿ ಎಂದರು.

ರಾಯರು ನನ್ನ ಲೋಟವನ್ನು ಗೋಡೆಯ ತುದಿಯಿಂದ ಎರಡು ಗೇಣು ಒಳಗೆ ಸರಿಸಿದರು. "ಸಿಟ್ಟು ಬಂದದ್ದು ಒಳ್ಳೇದೇ ಆಯ್ತು. ನಮ್ಮ ಪ್ರೆಸ್ಸಲ್ಲಿ ಆಫ್‌ಸೆಟ್ ಬರ್ತದೆ ಬರ್ತದೆ ಅಂತ ಎಲ್ಲರೂ ಪಿಸುಪಿಸು ಮಾತಾಡಿದ್ರು, ಒಬ್ಬರೂ ಎದ್ದು ನಿಂತು ಹೇಳಲಿಲ್ಲ. ಒಂದಿನ ಬೆಳಗ್ಗೆ ಹೋದ್ರೆ ಕೇಸುಗಳನ್ನೆಲ್ಲ ಗುಜರಿಯವನ ಗಾಡಿಗೆ ತುಂಬ್ತಿದ್ರು. ಸರಿ, ಮುಂದೆ ಹೇಳು. ಸಮುದಾಯ ಬರೆಯೋದು ಅಂದ್ರೆ ಹೇಗೆ? ನೂರು ಜನ ಸೇರಿ ಒಂದು ವಾಕ್ಯ ಬರೆಯೋಕಾಗ್ತದಾ?"

ಕೇಳಬೇಕಾದದ್ದನ್ನೇ ಕೇಳಿದರು. ಹೊಸ ಭಾಷೆಯಲ್ಲಿ ಏನಿರಬೇಕು, ಏನು ಹೋಗಬೇಕು, ನಿಮಗನ್ನಿಸಿದ್ದನ್ನು ಬರೆದು ಕಳಿಸಿ ಎಂದು ಲ್ಯಾರಿ ಕೇಳಿಕೊಂಡರು. ಎರಡು ತಿಂಗಳು ತುಂಬುವಷ್ಟರಲ್ಲಿ 361 ಕೋರಿಕೆಗಳು ಬಂದು ಬಿದ್ದವು. ಒಬ್ಬರಿಗೆ ಲೆಕ್ಕದ ಸೌಕರ್ಯ ಬೇಕು, ಇನ್ನೊಬ್ಬರಿಗೆ ಚುಕ್ಕಿ ಬೇಕು, ಮತ್ತೊಬ್ಬರು ಅದೇ ಚುಕ್ಕಿ ಬೇಡ ಎನ್ನುತ್ತಾರೆ. ಒಂದೊಂದೂ ಬಿಡಿಯಾಗಿ ನೋಡಿದರೆ ಸರಿಯೇ. ಎಲ್ಲವನ್ನೂ ಒಟ್ಟಿಗೆ ತುಂಬಿದರೆ ಚೀಲ ಹರಿಯುತ್ತದೆ.

ಲ್ಯಾರಿ ಅಷ್ಟನ್ನೂ ಇಟ್ಟುಕೊಂಡು ಕೂತರು. ಅವರು ಅಂಕ ಕೊಟ್ಟ ಕ್ರಮವನ್ನು ಓದಿದಾಗಿನಿಂದ ನಾನು ಮೀಟಿಂಗುಗಳಲ್ಲಿ ಕೂರುವ ರೀತಿಯೇ ಬದಲಾಗಿದೆ. ಪ್ರತಿ ಕೋರಿಕೆಗೂ ಮೂರು ಅಂಕ. ನೀವು ಹೇಳುತ್ತಿರುವ ತೊಂದರೆ ನಿಜವಾದ ತೊಂದರೆಯೇ ಎಂಬುದಕ್ಕೆ ಒಂದು, ನೀವು ಹೇಳಿದ ಪರಿಹಾರ ಸರಿಯೇ ಎಂಬುದಕ್ಕೆ ಇನ್ನೊಂದು, ಕೊನೆಗೆ ಒಪ್ಪಿದ್ದೇನೆಯೇ ಇಲ್ಲವೇ ಎಂಬುದಕ್ಕೆ ಮೂರನೆಯದು. ಪರಿಹಾರ ತಿರಸ್ಕಾರವಾದರೂ ತೊಂದರೆಗೆ ಪೂರ್ತಿ ಅಂಕ ಸಿಗಬಹುದು. ಅಂದರೆ, ನಿನಗೆ ನೋವಾದದ್ದು ನಿಜ, ನೀನು ತಂದ ಮದ್ದು ಮಾತ್ರ ಬೇಡ ಎಂದು ಹೇಳಿ ಕಳಿಸಿದ ಹಾಗೆ. ಹಾಗೆ ಹೇಳಿಸಿಕೊಂಡವರು ಮುನಿಸಿಕೊಂಡರೂ ಅವಮಾನಪಟ್ಟುಕೊಳ್ಳುವುದಿಲ್ಲ. ನಮ್ಮಲ್ಲಿ ಮದ್ದು ಬೇಡ ಎನ್ನಬೇಕಾದರೆ ರೋಗವೇ ಸುಳ್ಳು ಎಂದುಬಿಡುತ್ತೇವೆ, ಮನೆಗಳಲ್ಲೂ ಅಷ್ಟೇ, ಸಂಘಗಳಲ್ಲೂ ಅಷ್ಟೇ.

ಈ ಉತ್ತರಗಳು 2001ರ ಏಪ್ರಿಲಿನಿಂದ ಅಧ್ಯಾಯ ಅಧ್ಯಾಯವಾಗಿ ಬರತೊಡಗಿದವು. ಆಸ್ಟ್ರೇಲಿಯದ ಡೇಮಿಯನ್ ಕಾನ್ವೇ ಪಕ್ಕದಲ್ಲಿ ಕೂತು ಅವಕ್ಕೆ ಉದಾಹರಣೆ ಸಹಿತ ವ್ಯಾಖ್ಯಾನ ಬರೆಯುತ್ತ ಹೋದರು. ಮೂಲಸೂತ್ರ ಒಬ್ಬರದು, ಟೀಕು ಇನ್ನೊಬ್ಬರದು. ರಾಯರಿಗೆ ಈ ಪದ್ಧತಿ ಬಿಡಿಸಿ ಹೇಳಬೇಕಾಗಲಿಲ್ಲ, ಮೂಲ ದಪ್ಪ ಮೊಳೆಯಲ್ಲಿ, ಟೀಕು ಸಣ್ಣ ಮೊಳೆಯಲ್ಲಿ ಎಷ್ಟು ಪುಸ್ತಕ ಕಂಪೋಸ್ ಮಾಡಿದ್ದಾರೋ.

"ಜಗಳ ಆಡ್ಲಿಲ್ವಾ?"

"ಆಡದೆ! ಕೋಲನ್ನಿಗಾಗಿ ಆಡಿದ್ರು. ಒಂದರ ಮೇಲೊಂದು ಎರಡು ಚುಕ್ಕಿ ಇಡ್ತೀವಲ್ಲ, ಅದು. ಕೀಲಿಮಣೆ ಮೇಲೆ ಚಿಹ್ನೆಗಳಿರೋದೇ ಬೆರಳೆಣಿಕೆ. ಚಂದವಾಗಿ ಕಾಣೋದು ಆ ಕೋಲನ್ನು. ಪ್ರತಿಯೊಬ್ಬರೂ ತಮ್ಮ ಸೌಕರ್ಯಕ್ಕೆ ಅದೇ ಬೇಕು ಅಂದ್ರು. ಭಾಷೆ ತಿದ್ದೋಕೆ ಕೂತರೆ ಎಲ್ಲರೂ ಕೋಲನ್ ಕೇಳ್ತಾರೆ ಅನ್ನೋದನ್ನ ಲ್ಯಾರಿ ಒಂದು ನಿಯಮವೇ ಮಾಡಿಟ್ರು. ಅದು ಕೊನೆಗೆ ಸಿಗೋದು ಲ್ಯಾರಿಗೆ ಅನ್ನೋದು ಎರಡನೇ ನಿಯಮ."

ರಾಯರು ಗಟ್ಟಿಯಾಗಿ ನಕ್ಕರು. ಅಡುಗೆಮನೆ ಕಿಟಕಿಯಿಂದ ಅವರ ಮನೆಯವರು ಇಣುಕಿ, ನನ್ನನ್ನು ಕಂಡು, ಉಪ್ಪಿಟ್ಟಿಗೆ ಕರಿಬೇವು ಕೇಳಿದರು. ಕಿತ್ತುಕೊಟ್ಟು ಬಂದೆ.

ಲ್ಯಾರಿ ಇನ್ನೊಂದು ಮಾತು ಹೇಳುತ್ತಿದ್ದರು. ನೀರು ತುಂಬಿದ ಹಾಸಿಗೆಯ ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಉಬ್ಬುತ್ತದಲ್ಲ, ಭಾಷೆಯ ಕಷ್ಟವೂ ಹಾಗೆಯೇ, ಇಲ್ಲಿ ಸುಲಭ ಮಾಡಿದರೆ ಅಲ್ಲಿ ಕಷ್ಟ ಏಳುತ್ತದೆ. ಉಬ್ಬು ಎಲ್ಲಿರಬೇಕು ಎಂದು ಆರಿಸುವುದಷ್ಟೇ ನಮ್ಮ ಕೈಯಲ್ಲಿರುವುದು. ಪರ್ಲ್ ಆರಿನವರು ಆರಿಸಿದ್ದು ಹೀಗೆ: ಕಷ್ಟ ಭಾಷೆ ಕಟ್ಟುವವರ ಪಾಲಿಗೆ, ಸುಖ ಬಳಸುವವರ ಪಾಲಿಗೆ. ಸೊನ್ನೆ ದಶಾಂಶ ಒಂದಕ್ಕೆ ಸೊನ್ನೆ ದಶಾಂಶ ಎರಡು ಕೂಡಿಸುವ ಮಟ್ಟದ ಲೆಕ್ಕದಲ್ಲೂ ಇದು ಕಾಣುತ್ತದೆ. 0.1ಕ್ಕೆ 0.2 ಕೂಡಿಸಿದರೆ ಎಷ್ಟು ಎಂದು ಸಾಮಾನ್ಯ ಭಾಷೆಗಳನ್ನು ಕೇಳಿ ನೋಡಿ, 0.30000000000000004 ಎನ್ನುತ್ತವೆ. ಯಂತ್ರ ಎಣಿಸುವುದು ಎರಡರ ಲೆಕ್ಕದಲ್ಲಿ. ಮೂರನೇ ಒಂದು ಭಾಗವನ್ನು ನಾವು ದಶಾಂಶದಲ್ಲಿ ಬರೆಯಹೊರಟರೆ ಹೇಗೆ ಮುಗಿಯುವುದಿಲ್ಲವೋ ಹಾಗೆ ಹತ್ತನೇ ಒಂದು ಭಾಗ ಅದಕ್ಕೆ ಮುಗಿಯುವುದಿಲ್ಲ. ರಾಕು ಮಾತ್ರ 0.1 ಎಂದು ಬರೆದರೆ ಅದನ್ನು ಒಂದರ ಕೆಳಗೆ ಹತ್ತು ಎಂಬ ಭಿನ್ನರಾಶಿಯಾಗಿಯೇ ಇಟ್ಟುಕೊಳ್ಳುತ್ತದೆ. ಉತ್ತರ 0.3, ಚೊಕ್ಕ. ಐದನೇ ಕ್ಲಾಸಿನ ಮಗು ಏನು ಉತ್ತರ ಬರೆಯುತ್ತದೋ ಅದೇ.

ಬರೆದಿಟ್ಟದ್ದೆಲ್ಲ ಚೆನ್ನಾಗಿತ್ತು. ಓಡುವ ಯಂತ್ರ ಮಾತ್ರ ಇರಲಿಲ್ಲ. ಪ್ಯಾರಟ್ ಎಂಬ ಒಂದು ಅಡಿಪಾಯ ಕಟ್ಟಲು ಹೊರಟರು, ಅದು ವರ್ಷಗಟ್ಟಲೆ ಎಳೆಯಿತು. ಸೂತ್ರ, ಭಾಷ್ಯ, ಟೀಕು ಎಲ್ಲ ಇದ್ದು ಒಂದು ವಾಕ್ಯವನ್ನೂ ಆಡಿ ನೋಡಲಾಗದ ಭಾಷೆ. ಹೀಗೆ ನಾಲ್ಕೂವರೆ ವರ್ಷ ಕಳೆಯಿತು.

"2005ರ ಫೆಬ್ರವರಿ ಒಂದನೇ ತಾರೀಕು," ಎಂದೆ. ಈ ತಾರೀಕು ನನಗೆ ಬಾಯಿಪಾಠ. "ತೈವಾನಿನ ಆಡ್ರೇ ಟ್ಯಾಂಗ್ ಅಂತ, ಇಪ್ಪತ್ತಮೂರು ವಯಸ್ಸು. ಬೇರೆ ಒಂದು ಭಾಷೆ ಕಲೀತಿದ್ರು, ಹ್ಯಾಸ್ಕೆಲ್ ಅಂತ. ಅಭ್ಯಾಸಕ್ಕೆ ಇರಲಿ ಅಂತ ಅದರಲ್ಲೇ ಪರ್ಲ್ ಆರನ್ನ ಓಡಿಸೋ ಪ್ರೋಗ್ರಾಮ್ ಬರೆಯೋಕೆ ಶುರು ಮಾಡಿದ್ರು. ಪಗ್ಸ್ ಅಂತ ಹೆಸರು. ಓಡೇ ಬಿಡ್ತು."

"ಅಭ್ಯಾಸಕ್ಕಾ?"

"ಅಭ್ಯಾಸಕ್ಕೇ. ಆದ್ರೆ ದೊಡ್ಡದು ಅದಲ್ಲ ರಾಯರೇ. ಕೇಳಿದವರಿಗೆಲ್ಲ ಬೀಗದ ಕೈ ಕೊಟ್ಟುಬಿಟ್ರು."

ಇದನ್ನು ಬಿಡಿಸಿ ಹೇಳಬೇಕು. ಹತ್ತು ಜನ ಕೂಡಿ ಬರೆಯುವ ಪ್ರೋಗ್ರಾಮಿನಲ್ಲಿ ಮೂಲಪ್ರತಿಯನ್ನು ತಿದ್ದುವ ಹಕ್ಕು ಒಬ್ಬಿಬ್ಬರಿಗೆ ಇರುತ್ತದೆ. ಉಳಿದವರು ತಿದ್ದುಪಡಿ ಬರೆದು ಕಳಿಸಬೇಕು, ಬಾಗಿಲಲ್ಲಿ ನಿಂತವರು ನೋಡಿ ಒಳಗೆ ಬಿಡಬೇಕು. ಎಷ್ಟೋ ಒಳ್ಳೆಯ ಕೆಲಸ ಬಾಗಿಲಲ್ಲೇ ಬಾಡಿಹೋಗುತ್ತದೆ. ಆಡ್ರೇ ಅದನ್ನು ತಿರುಗುಮುರುಗು ಮಾಡಿದರು. ಇಲ್ಲಿ ಒಂದು ಅಕ್ಷರ ತಪ್ಪಿದೆ ಎಂದು ಯಾರಾದರೂ ಹೇಳಿದರೆ, ತಗೊಳ್ಳಿ ಕೀಲಿ, ನೀವೇ ಒಳಗೆ ಬಂದು ಸರಿಮಾಡಿ ಎನ್ನುತ್ತಿದ್ದರು. ಏನೂ ಹಾಳಾಗುವುದಿಲ್ಲ, ಹಳೆಯ ಪ್ರತಿಗಳೆಲ್ಲ ಇದ್ದೇ ಇರುತ್ತವೆ, ತಪ್ಪಾದರೆ ಹಿಂದಕ್ಕೆ ಹೋದರಾಯಿತು. ಬಂದವರು ಮನೆಯವರ ಹಾಗೆ ಉಳಿದರು. ಅಲ್ಲಿನ ಮಾತುಕತೆಯಲ್ಲಿ ಕೆಲಸ ಮಾಡಿದವರ ಹೆಸರು ಬರೆದು ಮುಂದೆ ಎರಡು ಕೂಡುವ ಗುರುತು ಹಾಕುವ ರೂಢಿ ಇದೆ. ಪ್ರೋಗ್ರಾಮಿನಲ್ಲಿ ಆ ಗುರುತಿಗೆ ಒಂದು ಹೆಚ್ಚಿಸು ಎಂದು ಅರ್ಥ. ಅಲ್ಲಿ ಅದು ಥ್ಯಾಂಕ್ಸ್. ಅವರಿಗೆ ಸಿಕ್ಕ ಕೂಲಿ ಬಹುಪಾಲು ಅಷ್ಟೇ.

ಮುಂದೆ 2016ರಲ್ಲಿ ಆಡ್ರೇ ಟ್ಯಾಂಗ್ ತೈವಾನ್ ಸರ್ಕಾರದಲ್ಲಿ ಮಂತ್ರಿಯಾದರು. ಅದನ್ನು ಕೇಳಿ ರಾಯರು ಹುಬ್ಬೇರಿಸಿದರು. ನನಗೆ ಆಶ್ಚರ್ಯವಾಗಿರಲಿಲ್ಲ. ಕೀಲಿ ಹಂಚಲು ಗೊತ್ತಿದ್ದವರಿಗೆ ಜನರನ್ನು ಕೂಡಿಸಲೂ ಗೊತ್ತಿರುತ್ತದೆ.

ಪಗ್ಸ್ ಕೂಡ ಕೆಲವು ವರ್ಷಗಳಲ್ಲಿ ನಿಂತಿತು. ಆದರೆ ಅದರ ಜೊತೆಗೆ ಬರೆದ ಒಂದು ರಾಶಿ ಪರೀಕ್ಷೆಗಳು ಉಳಿದುಕೊಂಡವು, ಮತ್ತು ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಇರುವುದು ಅಲ್ಲೇ. ಪರೀಕ್ಷೆ ಎಂದರೆ ಒಂದೊಂದು ಸಾಲಿನ ಪ್ರಶ್ನೆ. ಇದನ್ನು ಇದಕ್ಕೆ ಕೂಡಿಸಿದರೆ ಇಷ್ಟು ಬರಬೇಕು, ಈ ಪದ ತಿರುಗಿಸಿದರೆ ಹೀಗಾಗಬೇಕು, ಇಂಥಲ್ಲಿ ತಪ್ಪು ಎಂದು ಹೇಳಬೇಕು. ಸಾವಿರಗಟ್ಟಲೆ ಇವೆ. ಇವೆಲ್ಲವನ್ನೂ ಒಂದು ಕಡೆ ಕೂಡಿಟ್ಟು ರೋಸ್ಟ್ ಎಂದು ಹೆಸರಿಟ್ಟರು, ಹುರಿಯುವುದು ಎಂದು ಅರ್ಥ. ಮತ್ತು ಭಾಷೆಯ ವ್ಯಾಖ್ಯೆಯನ್ನೇ ಇದಕ್ಕೆ ಕಟ್ಟಿದರು: ಈ ಪರೀಕ್ಷೆಯಲ್ಲಿ ಪಾಸಾದದ್ದು ಪರ್ಲ್ ಆರು, ಯಾರೇ ಬರೆದಿರಲಿ, ಯಾವ ಊರಲ್ಲೇ ಬರೆದಿರಲಿ.

ರಾಯರು ಬಹಳ ಹೊತ್ತು ಸುಮ್ಮನಿದ್ದರು. ಗಿಡದ ಬುಡದಲ್ಲಿ ಅಳಿಲು ಏನೋ ಕೆದಕುತ್ತಿತ್ತು.

"ಅಂದ್ರೆ ಭಾಷೆ ಅನ್ನೋದು ಪ್ರಶ್ನೆಪತ್ರಿಕೇಲಿದೆ."

"ಹೌದು."

"ಪ್ರಶ್ನೆ ಯಾರು ಬೇಕಾದ್ರೂ ಹಾಕ್ಬಹುದಾ?"

"ಯಾರು ಬೇಕಾದ್ರೂ. ಸರಿಯಾಗಿರಬೇಕು ಅಷ್ಟೇ."

"ಹ್ಞೂಂ," ಎಂದು ಆ ಮಾತನ್ನು ಎಲ್ಲೋ ಎತ್ತಿಟ್ಟುಕೊಂಡರು.

ಆಮೇಲಿನ ಹತ್ತು ವರ್ಷವನ್ನು ಬೇಗ ಹೇಳಿಬಿಟ್ಟೆ. ಪ್ಯಾಟ್ರಿಕ್ ಮಿಶೋ ಮುಂದಾಳಾಗಿ ರಾಕುಡೋ ಎಂಬ ಹೊಸ ಯಂತ್ರ ಎದ್ದಿತು. ಜಪಾನಿನವರು ಒಂಟೆಗೆ ರಾಕುಡ ಎನ್ನುತ್ತಾರೆ, ಪರ್ಲ್ ಪುಸ್ತಕದ ರಟ್ಟಿನ ಮೇಲೆ ಇದ್ದದ್ದು ಒಂಟೆ, ಹಾಗಾಗಿ ಆ ಹೆಸರು. 2010ರ ಜುಲೈನಲ್ಲಿ ಬಳಸಿ ನೋಡಬಹುದಾದ ಮೊದಲ ಮೂಟೆ ಬಂತು. ಜಾನಥನ್ ವರ್ದಿಂಗ್ಟನ್ ಮತ್ತು ಜೊತೆಗಾರರು ಪ್ಯಾರಟ್ಟನ್ನು ಬಿಟ್ಟು ಬೇರೆ ಅಡಿಪಾಯ ಹಾಕಿದರು. ಯಾವಾಗ ಮುಗಿಯುತ್ತದೆ ಎಂದು ಕೇಳಿದವರಿಗೆಲ್ಲ ಕ್ರಿಸ್‌ಮಸ್ ಹೊತ್ತಿಗೆ ಎಂಬುದೇ ಉತ್ತರ. ಯಾವ ವರ್ಷದ ಕ್ರಿಸ್‌ಮಸ್ ಎಂದು ಹೇಳುತ್ತಿರಲಿಲ್ಲ. ಕೊನೆಗೂ 2015ರ ಡಿಸೆಂಬರ್ 25ಕ್ಕೆ ಬಂದೇ ಬಂತು.

ಹದಿನೈದು ವರ್ಷದ ಬೆಲೆ ಕಡಿಮೆಯದಲ್ಲ. ಅದನ್ನು ಮುಚ್ಚಿಡಲಾರೆ. ಆರನೆಯದು ಬರುತ್ತದೆ ಎಂದು ಹೇಳಿದ ದಿನದಿಂದ ಐದನೆಯದು ಹಳತಾಯಿತು ಎಂದು ಜನ ತಿಳಿದರು. ಅದು ನಿಜವಾಗಿರಲಿಲ್ಲ, ಐದರ ಕೆಲಸ ನಡೆಯುತ್ತಲೇ ಇತ್ತು, 2007ರ ಆವೃತ್ತಿ ಆರರ ಯೋಜನೆಯಿಂದಲೇ ಕೆಲವು ಸೌಕರ್ಯ ಎರವಲು ತಂದಿತ್ತು. ಆದರೂ ನಾನು ಆಗ ಕೆಲಸ ಮಾಡುತ್ತಿದ್ದ ಕಡೆ ಒಂದು ಸೋಮವಾರ ಮೀಟಿಂಗ್ ಕರೆದು, ಮುಂದಿನದು ಬರುವ ಲಕ್ಷಣವಿಲ್ಲ, ಇರುವುದು ಮುದಿಯಾಯಿತು, ಎಲ್ಲವನ್ನೂ ಪೈತಾನ್ ಎಂಬ ಇನ್ನೊಂದು ಭಾಷೆಗೆ ಬದಲಿಸಿ ಎಂದರು. ಆರು ವರ್ಷದಿಂದ ನಾವು ನಾಲ್ವರು ಬರೆದಿದ್ದ ಪ್ರೋಗ್ರಾಮುಗಳು, ಒಂದೂ ಕೆಟ್ಟಿರಲಿಲ್ಲ. ಅವತ್ತು ಸಂಜೆ ಬಸ್ಸಿನಲ್ಲಿ ಬರುವಾಗ ನನಗೆ ಮಾಂಟೆರೇಯ ಮಗ್ಗುಗಳ ನೆನಪಾಯಿತು. ಎಸೆದ ಮಗ್ಗು ಎಲ್ಲೆಲ್ಲಿ ಹೋಗಿ ತಾಗುತ್ತದೋ ಹೇಳಲಾಗದು. ರಾಯರಿಗೆ ಗುಜರಿ ಗಾಡಿಯ ನೆನಪು ಆಗಿರಬೇಕು, ಸುಮ್ಮನೆ ತಲೆಯಾಡಿಸಿದರು.

ಕೊನೆಗೆ ಐದು, ಆರು ಎಂಬ ಇಬ್ಬರೂ ಅಣ್ಣತಮ್ಮಂದಿರು ಒಂದೇ ಹೆಸರಿನಲ್ಲಿ ಬಾಳುವುದು ಕಷ್ಟ ಎಂದು ಆ ಸಮುದಾಯದವರಿಗೇ ಅನ್ನಿಸಿತು. ಒಳಗಿನವರೇ ಕೂತು ತಿಂಗಳುಗಟ್ಟಲೆ ಮಾತಾಡಿ, 2019ರ ಅಕ್ಟೋಬರಿನಲ್ಲಿ ಲ್ಯಾರಿ ಒಪ್ಪಿಗೆ ಕೊಟ್ಟು, ಪರ್ಲ್ ಆರು ರಾಕು ಆಯಿತು. ಹಳೆಯ ಬಟ್ಟೆಗೆ ಹೊಸ ತೇಪೆ ಹಾಕಬಾರದೆಂಬ ಬೈಬಲಿನ ಮಾತನ್ನು ನೆನೆದು ಅವರು ಒಪ್ಪಿದರು. ಹದಿನೈದು ವರ್ಷ ದುಡಿದು ಮಾಡಿದ್ದಕ್ಕೆ ಇಟ್ಟ ಹೆಸರನ್ನೇ ಬಿಟ್ಟುಕೊಡುವುದಕ್ಕೆ ಎಂಥ ಮನಸ್ಸು ಬೇಕು! ನನಗೆ ಅವರ ಮೇಲೆ ಗೌರವ ಇಮ್ಮಡಿಯಾದದ್ದು ಅವತ್ತು.

"ಅದೆಲ್ಲ ಸರಿ," ಎಂದರು ರಾಯರು, "ಪದಬಂಧ ಎಲ್ಲಿಗೆ ಬಂತು?"

ಒಳಗೆ ಹೋಗಿ ಲ್ಯಾಪ್‌ಟಾಪ್ ತಂದು ಗೋಡೆಯ ಮೇಲಿಟ್ಟೆ. ರಾಯರು ಪಂಚೆಯ ತುದಿಯಿಂದ ಗೋಡೆಯ ಇಬ್ಬನಿ ಒರೆಸಿಕೊಟ್ಟರು.

"ಮೊದಲು ಇದು ನೋಡಿ." ೧೨ಕ್ಕೆ ೩ ಕೂಡಿಸು ಎಂದು ನಮ್ಮ ಅಂಕಿಗಳಲ್ಲೇ ಬರೆದು ಓಡಿಸಿದೆ. 15 ಎಂದಿತು. ಕನ್ನಡದ ಅಂಕಿಯನ್ನು ಪ್ರೋಗ್ರಾಮಿನೊಳಗೆ ಅಂಕಿ ಎಂದೇ ಓದಿಕೊಳ್ಳುವ ಭಾಷೆ ನಾನು ಬಳಸಿದವುಗಳಲ್ಲಿ ಇದೊಂದೇ. ಯಾರೋ ಎಲ್ಲೋ ಕೂತು, ಲೋಕದಲ್ಲಿ ಎಷ್ಟು ಬಗೆಯ ಅಂಕಿಗಳಿವೆಯೋ ಅಷ್ಟೂ ಅಂಕಿಗಳೇ ಎಂದು ಮಾಡಿಟ್ಟಿದ್ದಾರೆ. ಅವರಿಗೆ ನಾವು ಯಾರೋ.

"ಈಗ ಕನ್ನಡ ಅನ್ನೋ ಪದ. ಎಷ್ಟು ಅಕ್ಷರ ಹೇಳಿ."

"ಪದಬಂಧಕ್ಕಾದ್ರೆ ಮೂರು ಮನೆ. ಕ, ನ್ನ, ಡ. ಸ್ಟಿಕ್ಕಿಗಾದ್ರೆ ನಾಲ್ಕು ಮೊಳೆ. ಕ, ನ, ನದ ಒತ್ತು, ಡ."

ಹಳೆಯ ಕಾಲದ ಭಾಷೆಗಳನ್ನು ಕೇಳಿದರೆ ಹದಿನೈದು ಎನ್ನುತ್ತಿದ್ದವು, ಅವು ಎಣಿಸುತ್ತಿದ್ದುದು ಅಕ್ಷರ ಕೂಡಿಡುವ ಬೈಟು ಎಂಬ ಸಣ್ಣ ಖಾನೆಗಳನ್ನು. ಪೈತಾನಿನ ಈಗಿನ ಆವೃತ್ತಿ ಐದು ಎನ್ನುತ್ತದೆ, ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಎಂಬ ಪಟ್ಟಿಯಲ್ಲಿ ಅರ್ಧಾಕ್ಷರದ ಗುರುತಿಗೂ ಒಂದು ಸಂಖ್ಯೆ ಇರುವುದರಿಂದ. ರಾಕುವನ್ನು ಕೇಳಿದೆ. 4 ಎಂದು ತೋರಿಸಿತು.

"ಆಹಾ! ನಾಲ್ಕು ಮೊಳೆ!" ರಾಯರ ಮುಖ ಅರಳಿತು. ಹೆಬ್ಬೆರಳು ತಾನಾಗಿಯೇ ಸ್ಟಿಕ್ ಹಿಡಿದಂತೆ ಮಡಚಿಕೊಂಡಿತು. "ಬಿಡಿಸಿ ತೋರ್ಸು, ಹೇಗೆ ಎಣಿಸ್ತು ನೋಡೋಣ."

ಬಿಡಿಸಿ ತೋರಿಸಿದೆ. ಕ. ನ್. ನ. ಡ.

ರಾಯರು ಕನ್ನಡಕ ಮೇಲಕ್ಕೆ ಏರಿಸಿ, ಹತ್ತಿರ ಬಗ್ಗಿ ನೋಡಿದರು. "ಲೆಕ್ಕ ಸರಿ. ಕತ್ತರಿಸಿದ ಜಾಗ ತಪ್ಪು."

ಅಷ್ಟೇ ನೋಡಿ. ನಾನು ರಾತ್ರಿ ಒಂದೂವರೆಯವರೆಗೆ ಹುಡುಕಿದ್ದನ್ನು ಅವರು ಒಂದೇ ನೋಟಕ್ಕೆ ಹೇಳಿದರು. ನ ಎಂಬ ಅಕ್ಷರಕ್ಕೆ ಅರ್ಧದ ಗುರುತು ಅಂಟಿಕೊಳ್ಳುತ್ತದೆ ಎಂಬುದು ಯಂತ್ರಕ್ಕೆ ಗೊತ್ತು. ಹಾಗೆ ಅಂಟಿಕೊಂಡದ್ದಕ್ಕೆ ಒಂದೇ ಸಂಖ್ಯೆ ಯೂನಿಕೋಡಿನಲ್ಲಿ ಇಲ್ಲದಿದ್ದರೆ, ರಾಕು ಓಡುತ್ತಿರುವಷ್ಟು ಹೊತ್ತು ಅದಕ್ಕೆ ಸೊನ್ನೆಗಿಂತ ಕೆಳಗಿನ ಒಂದು ತಾತ್ಕಾಲಿಕ ಸಂಖ್ಯೆ ಕೊಟ್ಟು, ಒಂದೇ ಅಕ್ಷರದಂತೆ ನಡೆಸಿಕೊಳ್ಳುತ್ತದೆ. ಇದನ್ನು ಹೇಳಿದಾಗ ರಾಯರು, "ನಾವೂ ಕೇಸಲ್ಲಿಲ್ಲದ ಕೂಟ ಬಂದ್ರೆ ಎರಡು ಮೊಳೆ ಅರದಲ್ಲಿ ಉಜ್ಜಿ ಅಂಟಿಸ್ತಿದ್ವಿ, ಆ ಫಾರಂ ಮುಗಿಯೋವರೆಗೆ," ಎಂದರು. ಆದರೆ ಆ ಅರ್ಧ ನ್ ಮುಂದಿನ ನ ಜೊತೆ ಸೇರಿ ಒಂದು ನ್ನ ಆಗುತ್ತದೆ ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಸ್ತ್ರೀ ಎಂಬ ಒಂದೇ ಮನೆಯ ಪದಕ್ಕೆ ಅದು ಮೂರು ಮನೆ ಕೇಳುತ್ತದೆ. ಸ್, ತ್, ರೀ.

"ಇದು ರಾಕು ಮಾಡಿದ ತಪ್ಪಾ?"

"ಅಲ್ಲ. ಅಕ್ಷರ ಎಲ್ಲಿ ಮುಗೀತದೆ ಅನ್ನೋ ನಿಯಮ ಯೂನಿಕೋಡಿಂದು. ರಾಕು ಅದನ್ನ ಚಾಚೂ ತಪ್ಪದೆ ಪಾಲಿಸ್ತದೆ. 2023ರಲ್ಲಿ ಯೂನಿಕೋಡಿನವರು ಒಂದು ತಿದ್ದುಪಡಿ ತಂದ್ರು. ಒತ್ತಕ್ಷರ ಕೂಡಿದ್ದನ್ನ ಒಂದೇ ಅಂತ ಎಣಿಸಿ ಅಂತ. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯ, ತೆಲುಗು, ಮಲಯಾಳ, ಇಷ್ಟು ಲಿಪಿಗೆ."

"ನಮ್ಮದು?"

"ಆ ಪಟ್ಟಿಯಲ್ಲಿ ಇರ್ಲಿಲ್ಲ."

ರಾಯರು ಬುಟ್ಟಿಯೊಳಗಿನ ಹೂವನ್ನು ಸುಮ್ಮನೆ ಒಂದರಿಂದ ಇನ್ನೊಂದಕ್ಕೆ ಸರಿಸಿದರು. ತೆಲುಗಿನ ಸ್ತ್ರೀ ಒಂದು ಮನೆಯಲ್ಲಿ ಕೂತಿದ್ದಾಳೆ, ಅದೇ ಅಕ್ಕನ ತಂಗಿಯಾದ ನಮ್ಮ ಲಿಪಿಯ ಸ್ತ್ರೀ ಮೂರು ಮನೆಗೆ ಹಂಚಿಹೋಗಿದ್ದಾಳೆ. ಇದರಲ್ಲಿ ಯಾರನ್ನೋ ದೂರುವುದಕ್ಕೆ ನನಗೆ ಮನಸ್ಸಿಲ್ಲ. ಯೂನಿಕೋಡಿನವರಿಗೆ ಯಾರು ಬೇಕಾದರೂ ಬರೆಯಬಹುದು, ರಾಕುವಿಗೆ ಯಾರು ಬೇಕಾದರೂ ಪರೀಕ್ಷೆ ಸೇರಿಸಬಹುದು. ತೈವಾನಿನಲ್ಲಿ ಕೂತು ಒಬ್ಬರು ಬಾಗಿಲು ತೆರೆದಿಟ್ಟು ಇಷ್ಟು ವರ್ಷವಾಯಿತು. ನಮ್ಮ ಕಡೆಯಿಂದ ಯಾರಾದರೂ ಪ್ರಶ್ನೆ ಬರೆದುಕೊಂಡು ಹೋಗಬೇಕಿತ್ತು. ಸಾಫ್ಟ್‌ವೇರಿನಲ್ಲಿ ಕೂತ ಕನ್ನಡದವರು ನಾವೇನು ಕಡಿಮೆಯೇ? ಇಷ್ಟು ವರ್ಷ ನಾನೂ ಹೋಗಿರಲಿಲ್ಲ ಎಂಬುದು ನನ್ನನ್ನು ರಾತ್ರಿ ನಿದ್ದೆ ಮಾಡಗೊಡಲಿಲ್ಲ.

ಸದ್ಯಕ್ಕೆ ದಾರಿ ಇದೆ. ರಾಕುವಿನಲ್ಲಿ ನಮ್ಮದೇ ವ್ಯಾಕರಣ ಬರೆದುಕೊಳ್ಳಬಹುದು, ಅದರ ಹೆಗ್ಗಳಿಕೆಯೇ ಅದು. ಒಂದು ವ್ಯಂಜನ, ಅದರ ಮುಂದೆ ಅರ್ಧದ ಗುರುತು ಮತ್ತು ವ್ಯಂಜನ ಎಷ್ಟು ಜೋಡಿ ಬೇಕಾದರೂ, ಇದ್ದರೆ ಕೊನೆಗೊಂದು ಸ್ವರದ ಗುರುತು, ಅನುಸ್ವಾರವೋ ವಿಸರ್ಗವೋ. ಇಷ್ಟನ್ನು ಐದಾರು ಸಾಲಿನಲ್ಲಿ ಬರೆದೆ. ಅಕ್ಷರ ಎಂದೇ ಹೆಸರಿಟ್ಟೆ. ರಾಯರ ಎದುರಿಗೆ ಓಡಿಸಿ ತೋರಿಸಿದೆ. ಕನ್ನಡಕ್ಕೆ ಮೂರು. ಸ್ತ್ರೀಗೆ ಒಂದು. ಶಾಸ್ತ್ರಕ್ಕೆ ಎರಡು.

"ಇದನ್ನ ಬರೆದು ಕಳಿಸ್ತೀಯಾ ಅವರಿಗೆ?"

"ಪರೀಕ್ಷೆಗೆ ಪದಗಳು ಬೇಕು ರಾಯರೇ. ಸುಲಭದ್ದಲ್ಲ, ಯಂತ್ರ ಎಡವೋ ಅಂಥವು. ನೀವು ನಲವತ್ತು ವರ್ಷ ಕೈಯಲ್ಲಿ ಹಿಡಿದಿದ್ದೀರಿ."

ರಾಯರು ಏನೂ ಹೇಳದೆ ಒಳಗೆ ಹೋದರು. ಪೂಜೆಗೆ ತಡವಾಯಿತು ಎಂದು ಅವರ ಮನೆಯವರು ಗದರುವುದು ಕೇಳಿಸಿತು. ಹೊರಗೆ ಬಂದಾಗ ಕೈಯಲ್ಲಿ ಹೋದ ತಿಂಗಳ ಕ್ಯಾಲೆಂಡರ್ ಹಾಳೆ, ಮೊಟಕು ಪೆನ್ಸಿಲು. ಹಾಳೆಯ ಬೆನ್ನಿಗೆ, ಗೋಡೆಯ ಮೇಲೆಯೇ ಒರಗಿಸಿಕೊಂಡು ಬರೆಯತೊಡಗಿದರು. ಪ್ರೂಫಿನ ಅಕ್ಷರ, ಒಂದೊಂದೂ ದುಂಡಗೆ.

ಮೊದಲು ಸೂರ್ಯ. "ಅರ್ಕಾವತ್ತು. ಬಾಯಲ್ಲಿ ಮೊದಲು ಬರೋದು ರ್, ಸ್ಟಿಕ್ಕಲ್ಲಿ ಮೊದಲು ಕೂರೋದು ಯ. ಹೊಸಬ ಹುಡುಗರೆಲ್ಲ ತಪ್ಪೋದು ಇಲ್ಲೇ." ಅದರ ಕೆಳಗೆ ರ‍್ಯಾಂಕ್. "ಇಲ್ಲಿ ಅದೇ ರ, ಅದೇ ಯ, ಅರ್ಕಾವತ್ತು ಬರಬಾರದು." ಆಮೇಲೆ ಕಾರ್ತ್ಸ್ನ್ಯ ಎಂದು ಬರೆದು, ಹೇಗೆ ಎಂಬಂತೆ ನನ್ನ ಮುಖ ನೋಡಿದರು. ಒತ್ತಿನ ಕೆಳಗೆ ಒತ್ತು, ಅದರ ಪಕ್ಕದಲ್ಲಿ ಅರ್ಕ. ಒಮ್ಮೆ ಇದೇ ಒಂದು ಪದಕ್ಕೆ ಎರಡು ಸಾಲಿನ ನಡುವೆ ಹೆಚ್ಚುವರಿ ಪಟ್ಟಿ ತುರುಕಬೇಕಾಗಿ ಬಂದಿತ್ತಂತೆ.

ನಾನು ಒಂದೊಂದನ್ನೂ ಟೈಪ್ ಮಾಡುತ್ತ ಹೋದೆ. ಸೂರ್ಯಕ್ಕೆ ಎರಡು ಬಂತು. ಕಾರ್ತ್ಸ್ನ್ಯಕ್ಕೆ ಎರಡು. ರ‍್ಯಾಂಕಿಗೆ ಕೆಟ್ಟಿತು, ರ ಮತ್ತು ಯ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುವುದನ್ನು ನನ್ನ ಐದಾರು ಸಾಲು ಲೆಕ್ಕಕ್ಕೆ ಹಿಡಿದಿರಲಿಲ್ಲ. ತಿದ್ದಿದೆ. ಸರಿಹೋಯಿತು.

ರಾಯರು ಕೊನೆಯ ಪದ ಬರೆದು ಪೆನ್ಸಿಲ್ ಕಿವಿಯ ಮೇಲೆ ಸಿಕ್ಕಿಸಿಕೊಂಡರು. ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದರು. ರಾಜ್‌ಕುಮಾರ್.

"ಜ ಕೆಳಗೆ ಕದ ಒತ್ತು ಕೊಡದೆ ಬಿಡಿಬಿಡಿಯಾಗಿ ಬರೆದಿದ್ದೀನಿ ನೋಡು. ಕೆಲವರು ಒತ್ತು ಕೊಟ್ಟೂ ಬರೀತಾರೆ. ಆಗ ನಾಲ್ಕು ಮನೆ, ಹೀಗೆ ಬರೆದ್ರೆ ಐದು. ಹೆಸರು ಒಂದೇ." ಕನ್ನಡಕ ಸರಿಮಾಡಿಕೊಂಡರು. "ನಿನ್ನ ಪ್ರಶ್ನೆಪತ್ರಿಕೇಲಿ ಎರಡನ್ನೂ ಹಾಕು."

ಒಳಗಿಂದ ಎರಡನೇ ಸಲ ಕೂಗು ಬಂತು. ರಾಯರು ಹೂಬುಟ್ಟಿ ಎತ್ತಿಕೊಂಡು ಹೊರಟರು. ನಾನು ಎರಡನ್ನೂ ಹಾಕಿದೆ.